ಲುಂಗಿಗೆ ದಂಡ, ಮಾಲೀಕರಿಗೆ ಮಾಫಿ

ಲಾರಿ ಚಾಲಕನ ಲುಂಗಿ ಬರೀ ಉಡುಪಲ್ಲ. ರಾತ್ರಿ ಅದೇ ಹೊದಿಕೆ. ಪೆಟ್ರೋಲ್ ಬಂಕಿನ ನಲ್ಲಿಯ ಕೆಳಗೆ ಕೂತು ಮೀಯುವಾಗ ಅದೇ ಮರೆ. ಮಟಮಟ ಮಧ್ಯಾಹ್ನ ಲಾರಿಯಡಿಯ ನೆರಳಿನಲ್ಲಿ ಒರಗಿದರೆ ಅದೇ ಚಾಪೆ, ಕಿಟಕಿಗೆ ಸಿಕ್ಕಿಸಿದರೆ ಅದೇ ಪರದೆ. ಮನೆ ಬಿಟ್ಟು ಹದಿನೈದು ಇಪ್ಪತ್ತು ದಿನ ರಸ್ತೆಯ ಮೇಲೇ ಇರುವವನಿಗೆ ಅದು ಅರ್ಧ ಸಂಸಾರ. ಇಷ್ಟೆಲ್ಲ ಕೆಲಸ ಮಾಡುವ ಎರಡು ಮೀಟರ್ ಬಟ್ಟೆಗೆ ಎರಡು ಸಾವಿರ ರೂಪಾಯಿ ದಂಡ ಎಂಬ ಸುದ್ದಿ ದೇಶವಿಡೀ ಹಬ್ಬಿದ್ದು 2019ರ ಸೆಪ್ಟೆಂಬರ್‌ನಲ್ಲಿ.

ಆ ತಿಂಗಳ ಒಂದನೇ ತಾರೀಖಿನಿಂದ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದಿತ್ತು. ಹೆಲ್ಮೆಟ್ಟು, ಇನ್ಶೂರೆನ್ಸು, ಹೊಗೆ ತಪಾಸಣೆಯ ಚೀಟಿ ಎಂದು ಎಲ್ಲೆಲ್ಲೂ ದಂಡದ ಮೊತ್ತದ್ದೇ ಮಾತು. ಅದರ ನಡುವೆ ಲಖನೌ ಸಂಚಾರ ಪೊಲೀಸರು ಲುಂಗಿ, ಬನಿಯನ್ನಿನಲ್ಲಿ ಗಾಡಿ ಓಡಿಸುವವರ ಮೇಲೆ ಕಣ್ಣಿಟ್ಟರು. ಚಾಲಕರು ಪೂರ್ತಿ ಉದ್ದದ ಪ್ಯಾಂಟು, ಶರ್ಟು ಇಲ್ಲವೇ ಟೀ ಶರ್ಟು, ಕಾಲಿಗೆ ಬೂಟು ಹಾಕಿರಬೇಕು, ಜೊತೆಗಿರುವ ಕ್ಲೀನರಿಗೂ ಇದೇ ನಿಯಮ ಎಂದರು. ಇದೇನೂ ಹೊಸದಲ್ಲ, 1939ರ ಕಾಯ್ದೆಯ ಕಾಲದಿಂದ ಇದೆ, ಮೊದಲು 500 ರೂಪಾಯಿ ಇದ್ದದ್ದು ಈಗ 179ನೇ ಕಲಮಿನಡಿ 2,000 ಆಗಿದೆ ಎಂಬುದು ಅವರು ಪತ್ರಿಕೆಗಳಿಗೆ ಕೊಟ್ಟ ವಿವರಣೆ.

ಅದೇ ತಿಂಗಳ 25ರಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರ ಕಚೇರಿ ಟ್ವೀಟ್ ಮಾಡಿ, ವದಂತಿಗಳನ್ನು ನಂಬಬೇಡಿ ಎಂದಿತು. ಅರ್ಧ ತೋಳಿನ ಅಂಗಿ, ಲುಂಗಿ ಬನಿಯನ್, ಚಪ್ಪಲಿ, ಕೊಳೆಯಾದ ಗಾಜು, ಹೆಚ್ಚುವರಿ ಬಲ್ಬು ಇಟ್ಟುಕೊಳ್ಳದಿರುವುದು, ಇವುಗಳಿಗೆ ಹೊಸ ಕಾಯ್ದೆಯಲ್ಲಿ ಚಲನ್ ಇಲ್ಲ ಎಂಬ ಸ್ಪಷ್ಟನೆ ಅದರಲ್ಲಿತ್ತು. ಪೊಲೀಸರು ಇದೆ ಅನ್ನುತ್ತಾರೆ, ಮಂತ್ರಿಗಳು ಇಲ್ಲ ಅನ್ನುತ್ತಾರೆ. ಲಾರಿಯವನು ಯಾರ ಮಾತು ಕೇಳಬೇಕು? ರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಲ್ಲುವವರು ಮಂತ್ರಿಗಳಲ್ಲ.

ತಮಾಷೆಯೆಂದರೆ ಇಬ್ಬರ ಮಾತೂ ಒಂದು ರೀತಿಯಲ್ಲಿ ಸರಿಯೇ. 179ನೇ ಕಲಮಿನಲ್ಲಿ ಲುಂಗಿಯ ಹೆಸರೇ ಇಲ್ಲ. ಅಧಿಕಾರಿಯ ಆದೇಶ ಪಾಲಿಸದವನಿಗೆ, ಕೇಳಿದ ಮಾಹಿತಿ ಕೊಡದವನಿಗೆ ದಂಡ ಹಾಕುವ ಕಲಮು ಅದು. ಆದರೆ ಅದೇ ಕಾಯ್ದೆಯ 28ನೇ ಕಲಮು, ಸಾರಿಗೆ ವಾಹನಗಳ ಚಾಲಕರ ಬ್ಯಾಡ್ಜು ಮತ್ತು ಸಮವಸ್ತ್ರದ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಅಂದರೆ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯಾಷನಲ್ ಪರ್ಮಿಟ್ಟಿನ ಲಾರಿ ಬೆಂಗಳೂರಿನಲ್ಲಿ ಲೋಡ್ ಮಾಡಿಕೊಂಡು ದೆಹಲಿ ಸೇರುವಷ್ಟರಲ್ಲಿ ಎಷ್ಟು ಗಡಿ ದಾಟುತ್ತದೆ ಎಂದು ಎಣಿಸಿ ನೋಡಿ. ಗಡಿಗೊಂದು ಅಂಗಿ ಬದಲಿಸಲು ಅವನೇನು ಬಯಲಾಟದ ವೇಷಧಾರಿಯೇ?

ಬೇರೆ ರಾಜ್ಯದ ಮಾತು ಬಿಡಿ, ಒಂದೇ ಊರಿನಲ್ಲಿ ಎರಡು ಬಣ್ಣದ ಪಂಚಾಯಿತಿ ನಡೆದದ್ದೂ ಉಂಟು. ದೆಹಲಿಯ ಆಟೊ, ಟ್ಯಾಕ್ಸಿ ಚಾಲಕರ ಸಂಘವೊಂದು ಕೆಲವು ವರ್ಷಗಳ ಹಿಂದೆ ಅಲ್ಲಿನ ಹೈಕೋರ್ಟಿಗೆ ಹೋಯಿತು. 1993ರ ದೆಹಲಿ ನಿಯಮಾವಳಿಯಲ್ಲಿ ಖಾಕಿ ಎಂದಿದೆ, ಪರ್ಮಿಟ್ಟಿನ ಷರತ್ತಿನಲ್ಲಿ ಬೂದು ಬಣ್ಣ ಎಂದಿದೆ, ತಪ್ಪಿದರೆ ಭಾರೀ ಮೊತ್ತದ ಚಲನ್ ಬೀಳುತ್ತದೆ, ಯಾವುದನ್ನು ತೊಡಬೇಕು ಹೇಳಿ ಎಂಬುದು ಅವರ ಅಳಲು. ಖಾಕಿಯಲ್ಲೇ ಎಷ್ಟೋ ಛಾಯೆಗಳಿವೆ, ಯಾವ ಖಾಕಿ ಎಂದೂ ಕೇಳಿದರು. ಅಂಥ ಒಂದು ಚಲನ್ ಎಂದರೆ ಆಟೊದವನಿಗೆ ಎಷ್ಟು ದಿನದ ದುಡಿಮೆ ಎಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಅಷ್ಟಾಗಿಯೂ ಖಾಕಿಯನ್ನು ಹೀಗಳೆಯಲು ಕನ್ನಡಿಗರಿಗೆ ಮನಸ್ಸು ಬರುವುದಿಲ್ಲ. 1840ರ ದಶಕದಲ್ಲಿ ವಾಯವ್ಯ ಗಡಿಯ ಬ್ರಿಟಿಷ್ ಪಡೆಯೊಂದು ದೂಳಿನ ಬಣ್ಣದ ಬಟ್ಟೆ ತೊಟ್ಟದ್ದು ಅದರ ಒಂದು ಹುಟ್ಟುಕತೆ. ಖಾಕ್ ಎಂದರೇ ದೂಳು. ಇನ್ನೊಂದು ಕತೆ ನಮ್ಮ ಮಂಗಳೂರಿನದು. 1850ರ ದಶಕದಲ್ಲಿ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬ ಜರ್ಮನ್ ನೇಕಾರ ಖಾಕಿ ಬಣ್ಣವನ್ನು ತಯಾರಿಸಿದನೆಂದು, ಮೊದಲು ಅಲ್ಲಿನ ಪೊಲೀಸರು ಅದನ್ನು ತೊಟ್ಟರೆಂದು ಕರಾವಳಿಯವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ನೂರಕ್ಕೂ ಹೆಚ್ಚು ವರ್ಷ ಸರ್ಕಾರದ ಬಣ್ಣವಾಗಿದ್ದ ಅದನ್ನು ಜನರ ಬಣ್ಣ ಮಾಡಿದ್ದು ಮಾತ್ರ ಶಂಕರ್‌ನಾಗ್. 1980ರಲ್ಲಿ ‘ಆಟೋ ರಾಜ’ ಬಂದ ಮೇಲೆ ಖಾಕಿ ಅಂಗಿಯ ಗುಂಡಿ ಬಿಚ್ಚಿ, ಕಾಲರು ಎತ್ತಿ ನಡೆಯುವುದೇ ಒಂದು ಗತ್ತಾಯಿತು. ನಲವತ್ತೈದು ವರ್ಷ ಕಳೆದರೂ ಬೆಂಗಳೂರಿನ ಆಟೊಗಳ ಬೆನ್ನ ಮೇಲೆ ಅವರ ಚಿತ್ರ ಮಾಸಿಲ್ಲ. ಕೆಎಸ್ಆರ್‌ಟಿಸಿ ಚಾಲಕ ಊರಿಗೆ ಹೋದಾಗ ಖಾಕಿಯಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಾನೆ. ಆ ಅಂಗಿಗೆ ಒಂದು ಸಂಬಳ, ಒಂದು ಪಿಂಚಣಿಯ ಲೆಕ್ಕ, ಹೆಣ್ಣು ಕೊಡುವವರ ಕಣ್ಣಲ್ಲಿ ಒಂದಿಷ್ಟು ಬೆಲೆ ಅಂಟಿಕೊಂಡಿದೆ.

ಹಾಗಾಗಿ ಲಾರಿ ಚಾಲಕನಿಗೆ ಸಮವಸ್ತ್ರ ಬೇಡ ಎಂಬುದು ಈ ಬರಹದ ವಾದವಲ್ಲ. ಅವನಿಗೆ ಅದು ಸಿಗಬೇಕು. ‘ಸಿಗಬೇಕು’ ಎಂಬ ಮಾತಿಗೆ ಒತ್ತು ಕೊಟ್ಟು ಓದಬೇಕು, ಏಕೆಂದರೆ ಈ ದೇಶದ ಕಾನೂನು ಅದನ್ನು ಅರವತ್ತು ವರ್ಷಗಳ ಹಿಂದೆಯೇ ಹೇಳಿತ್ತು.

1961ರಲ್ಲಿ ಸಂಸತ್ತು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯನ್ನು ಮಾಡಿತು. ಅದರ 8ನೇ ಕಲಮು ಕ್ಯಾಂಟೀನಿನದು, 9 ವಿಶ್ರಾಂತಿ ಕೊಠಡಿಯದು, 10 ಸಮವಸ್ತ್ರದ್ದು. ಚಾಲಕರು, ಕಂಡಕ್ಟರುಗಳು, ತನಿಖಾ ಸಿಬ್ಬಂದಿಗೆ ಮಾಲೀಕನೇ ಇಷ್ಟು ಜೊತೆ ಸಮವಸ್ತ್ರ, ಮಳೆ ಚಳಿಗೆ ರೈನ್‌ಕೋಟು ಮುಂತಾದವನ್ನು ಕೊಡಬೇಕೆಂದು ರಾಜ್ಯಗಳು ನಿಯಮ ಮಾಡಬಹುದು ಎನ್ನುತ್ತಿತ್ತು ಆ ಕಲಮು. ಅಷ್ಟಕ್ಕೇ ನಿಂತಿರಲಿಲ್ಲ. ಕೊಟ್ಟ ಬಟ್ಟೆಯನ್ನು ಒಗೆಸಲು ಮಾಲೀಕ ಭತ್ಯೆಯನ್ನೂ ಕೊಡಬೇಕಿತ್ತು. ತಾನೇ ಒಗೆಸಿಕೊಡುವುದಾದರೆ ಮಾತ್ರ ಭತ್ಯೆ ಬೇಕಿರಲಿಲ್ಲ. ಡೀಸೆಲ್, ಗ್ರೀಸ್, ರಸ್ತೆಯ ದೂಳು ಹತ್ತಿದ ಅಂಗಿಯನ್ನು ಯಾರೋ ತಿಕ್ಕಿ ತೊಳೆಯಬೇಕಾಗುತ್ತದೆ ಎಂಬುದು ಆ ಕಾಯ್ದೆ ಬರೆದವರಿಗೆ ಹೊಳೆದಿತ್ತು. ಇಂದು ವಸ್ತ್ರಸಂಹಿತೆಯ ಬಗ್ಗೆ ಭಾಷಣ ಬಿಗಿಯುವವರಲ್ಲಿ ಎಷ್ಟು ಜನಕ್ಕೆ ಹೊಳೆಯುತ್ತದೋ!

ಇದೇ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತ್ತು. ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಚಾಲಕರ ದುಡಿಮೆಯ ಅವಧಿಗೆ ಇದನ್ನೇ ಆಧಾರವಾಗಿ ತೋರಿಸಿತ್ತು. ಎಂಟು ಗಂಟೆಗೆ ಸ್ಟೇರಿಂಗ್ ಬಿಟ್ಟಿಳಿದ ಲೈನ್ ಲಾರಿಯ ಚಾಲಕನನ್ನು ಯಾರಾದರೂ ಕಂಡಿದ್ದಾರೆಯೇ? ಸ್ವತಃ ಗಡ್ಕರಿಯವರೇ 2023ರಲ್ಲಿ, ನಮ್ಮ ಚಾಲಕರು 43ರಿಂದ 47 ಡಿಗ್ರಿ ಸೆಕೆಯಲ್ಲಿ ದುಡಿಯುತ್ತಾರೆ, ಹನ್ನೆರಡು ಹದಿನಾಲ್ಕು ಗಂಟೆ ಗಾಡಿ ಓಡಿಸುತ್ತಾರೆ ಎಂದಿದ್ದರು. ನ್ಯಾಷನಲ್ ಪರ್ಮಿಟ್ಟಿನ ಲಾರಿಯಲ್ಲಿ ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮವೂ ಒಂದಿತ್ತು. 2018ರಲ್ಲಿ ಅದನ್ನು ಕೈಬಿಡಲಾಯಿತು. ಮರುವರ್ಷವೇ ಲುಂಗಿಯ ದಂಡದ ಗುಲ್ಲೆದ್ದಿತು. ಎರಡನೇ ಚಾಲಕ ಹೋದ, ಎರಡು ಸಾವಿರದ ಚೀಟಿ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದು ಇದಕ್ಕೇ.

1961ರ ಕಾಯ್ದೆಗೆ ಒಂದು ದೊಡ್ಡ ತೂತಿತ್ತು. ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗಷ್ಟೇ ಅದು ಅನ್ವಯ. ನಮ್ಮ ಲಾರಿ ಉದ್ಯಮ ನಿಂತಿರುವುದೇ ಒಂದು ಲಾರಿ, ಎರಡು ಲಾರಿಯ ಮಾಲೀಕರ ಮೇಲೆ. ವಿಜಯ ಸಂಕೇಶ್ವರ 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುಮಾಡಿ ವಿಆರ್‌ಎಲ್ ಸಾರಿಗೆ ಕಂಪನಿ ಕಟ್ಟಿದರು. ಆ ಕತೆ ಸಿನಿಮಾ ಕೂಡ ಆಯಿತು. ಒಂದು ಲಾರಿಯಿಂದ ಶುರುಮಾಡಿ ಒಂದು ಲಾರಿಯಲ್ಲೇ ಉಳಿದ ಸಾವಿರಾರು ಜನರ ಸಿನಿಮಾ ಯಾರೂ ತೆಗೆಯುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ತಾವೇ ಚಾಲಕರು, ಸಾಲದ ಕಂತು ಕಟ್ಟುವುದೇ ಹರಸಾಹಸ. ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ, ಹಳೆಯ ಕಾಯ್ದೆ ಅವುಗಳಲ್ಲಿ ಕರಗಿಹೋಗಿದೆ. ಸಾರಿಗೆ ಸಂಸ್ಥೆಗಳ ಮಟ್ಟಿಗೆ ಐದು ಇದ್ದ ಜಾಗಕ್ಕೆ ಹತ್ತು ಬಂದಿದೆ. ತೂತಿಗೆ ತೇಪೆ ಹಾಕುವ ಬದಲು ತೂತನ್ನೇ ಹಿಗ್ಗಿಸಿದಂತಾಯಿತು.

ಇನ್ನು ಲುಂಗಿ ಏಕೆ ಎಂಬ ಪ್ರಶ್ನೆ. ಶಿಸ್ತಿಲ್ಲದ್ದಕ್ಕೆ ಎಂದುಕೊಳ್ಳುವವರು ಒಮ್ಮೆ ಹಳೆಯ ಲಾರಿಯೊಂದರ ಕ್ಯಾಬಿನ್ನಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ಚಿತ್ರದುರ್ಗದಿಂದ ಹೊಸಪೇಟೆಯವರೆಗೆ ಕೂತು ಬರಲಿ. ಇಂಜಿನ್ನು ಮುಂದೆ ಮೂತಿಯೊಳಗಿಲ್ಲ, ಚಾಲಕನ ಎಡ ಮಗ್ಗುಲಿಗೇ ಇದೆ. ಅದರ ಮೇಲಿನ ಬಾನೆಟ್ಟಿಗೆ ಕಂಬಳಿಯನ್ನೋ ರೆಕ್ಸಿನ್ನನ್ನೋ ಹೊದಿಸಿ ಕ್ಲೀನರು ಕಾಲು ಚಾಚಿರುತ್ತಾನೆ. ಮೇಲೆ ತಗಡು ಕಾಯುತ್ತದೆ, ಪಕ್ಕದಲ್ಲಿ ಇಂಜಿನ್ನು ಕುದಿಯುತ್ತದೆ, ಎದುರಿನ ಗಾಜಿನಿಂದ ಬಿಸಿಲು ನೇರ ತೊಡೆಯ ಮೇಲೆ. ಈ ಒಲೆಯಲ್ಲಿ ಟೆರಿಕಾಟ್ ಪ್ಯಾಂಟು ಹಾಕಿ ಹತ್ತು ಗಂಟೆ ಕೂತವನ ತೊಡೆಸಂದಿಯ ಗತಿ ಏನಾಗುತ್ತದೆ ಎಂದು ಹೆದ್ದಾರಿ ಪಕ್ಕದ ಮೆಡಿಕಲ್ ಸ್ಟೋರಿನವರನ್ನು ಕೇಳಿದರೆ ಸಾಕು. ಲುಂಗಿ ಅವನ ಸೋಮಾರಿತನವಲ್ಲ, ಅವನೇ ಕಂಡುಕೊಂಡ ಹವಾನಿಯಂತ್ರಣ.

ಕ್ಯಾಬಿನ್ನಾದರೂ ಇದ್ದವನು ಪುಣ್ಯವಂತ. ಕಂಪನಿಗಳು ಲಾರಿಯನ್ನು ಬರೀ ಚಾಸಿಯಾಗಿ ಮಾರಿ, ಗೂಡು ಕಟ್ಟುವುದನ್ನು ಊರಿನ ಬಾಡಿ ಬಿಲ್ಡಿಂಗ್ ಶೆಡ್ಡುಗಳಿಗೆ ಬಿಡುತ್ತಿದ್ದ ಕಾಲ ತೀರಾ ಹಿಂದಿನದಲ್ಲ. ಬಾಗಿಲಿಲ್ಲ, ಸೂರಿಲ್ಲ, ಗಾಜಿಲ್ಲ. ಹಲಗೆಯೊಂದನ್ನು ಸೀಟಿನಂತೆ ಬಿಗಿದು, ಮುಖಕ್ಕೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಏರಿಸಿ, ಹಾರುವ ಕಲ್ಲು ಹುಳಗಳಿಗೆ ಎದೆಯೊಡ್ಡಿ ಸಾಲಾಗಿ ಬರುತ್ತಿದ್ದ ಚಾಸಿ ಚಾಲಕರನ್ನು ತುಮಕೂರು ರಸ್ತೆಯ ಜನ ಚೆನ್ನಾಗಿ ಬಲ್ಲರು. ಆ ಕಾಲದಲ್ಲೂ ‘ಸಮವಸ್ತ್ರ’ದ ನಿಯಮ ಪುಸ್ತಕದಲ್ಲಿ ಇತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಸರ್ಕಾರ ಕೊನೆಗೂ ಕ್ಯಾಬಿನ್ನಿನ ಕಡೆ ನೋಡಿದೆ ಎಂಬುದನ್ನು ಒಪ್ಪಬೇಕು. 2023ರ ಡಿಸೆಂಬರ್‌ನ ಅಧಿಸೂಚನೆಯ ಪ್ರಕಾರ 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ನಿಗೂ ಹೆಚ್ಚು ತೂಕದ ಸರಕು ವಾಹನಗಳ ಕ್ಯಾಬಿನ್ನಿಗೆ ಏಸಿ ಇರಬೇಕು. ಒಳ್ಳೆಯ ಹೆಜ್ಜೆ, ತಡವಾದರೂ. ವೋಲ್ವೊ ಕಂಪನಿ 1998ರಲ್ಲೇ ಹೊಸಕೋಟೆಯಲ್ಲಿ ಕಾರ್ಖಾನೆ ತೆರೆದು ಏಸಿ ಕ್ಯಾಬಿನ್ನಿನ ಟ್ರಕ್ಕು ತಂದಿತ್ತು. ನಮ್ಮ ಕಣ್ಣೆದುರೇ ಇದ್ದ ಮಾದರಿ ನಿಯಮವಾಗಲು ಇಪ್ಪತ್ತೇಳು ವರ್ಷ ಬೇಕಾಯಿತು. ಆದರೆ ನಿಯಮ ಹೊಸ ಲಾರಿಗಳಿಗೆ. ಈಗಾಗಲೇ ಓಡುತ್ತಿರುವವು ಇನ್ನೂ ಹತ್ತು ಹದಿನೈದು ವರ್ಷ ಹೀಗೇ ಓಡುತ್ತವೆ. ಏಸಿ ಇದ್ದರೂ ಡೀಸೆಲ್ ಉಳಿಸಲು ಅದನ್ನು ಆರಿಸಿಡು ಎನ್ನುವ ಮಾಲೀಕರು ಹುಟ್ಟಿಕೊಳ್ಳುವುದಿಲ್ಲ ಎಂದು ನಂಬುವುದಕ್ಕೂ ಕಾರಣವಿಲ್ಲ.

ಸೆಕೆ ಮತ್ತು ಸಮವಸ್ತ್ರದ ಜಗಳ ನಮ್ಮಲ್ಲಿ ಮಾತ್ರ ಇಲ್ಲ. 2013ರ ಬೇಸಿಗೆಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿಯ ರೈಲು ಮಾರ್ಗವೊಂದರಲ್ಲಿ ಗಂಡಸು ಸಿಬ್ಬಂದಿಗೆ ಚಡ್ಡಿ ಹಾಕಬಾರದೆಂದು ಕಂಪನಿ ಹೇಳಿತು. ನಿಯಮದಲ್ಲಿ ಪ್ಯಾಂಟು ಅಥವಾ ಲಂಗ ಎಂದಿತ್ತು. ಅವರು ಸೀದಾ ಲಂಗ ತೊಟ್ಟು ಕೆಲಸಕ್ಕೆ ಬಂದರು! ಗಂಡಸರು ಲಂಗ ತೊಡಬಾರದು ಎಂದರೆ ಅದು ತಾರತಮ್ಯವಾಗುತ್ತದೆಂದು ಕಂಪನಿ ಸುಮ್ಮನಾಯಿತು, ಕೊನೆಗೆ ಚಡ್ಡಿಗೂ ಒಪ್ಪಿತು. ನಾಲ್ಕು ವರ್ಷದ ಮೇಲೆ, 2017ರ ಜೂನಿನಲ್ಲಿ, ಫ್ರಾನ್ಸಿನ ನಾಂತ್ ಪಟ್ಟಣದ ಬಸ್ ಚಾಲಕರೂ ಬಿಸಿಗಾಳಿಯ ದಿನಗಳಲ್ಲಿ ಇದೇ ದಾರಿ ಹಿಡಿದರು. ಸೊಂಟಕ್ಕೆ ಸುತ್ತುವ ಸಡಿಲ ಬಟ್ಟೆ ಸೆಕೆಗೆ ಹಿತ ಎಂಬ ಸತ್ಯ ಯೂರೋಪಿಗೆ ತಡವಾಗಿ ತಿಳಿಯಿತು. ನಮ್ಮ ಚಾಲಕರಿಗೆ ಅದು ಅಜ್ಜನ ಕಾಲದಿಂದ ಗೊತ್ತು.

ಅಮೆರಿಕದ ಯುಪಿಎಸ್ ಪಾರ್ಸೆಲ್ ಕಂಪನಿಯ ಕಂದು ಸಮವಸ್ತ್ರ ಜಗತ್ತಿಗೇ ಪರಿಚಿತ. ನೂರು ವರ್ಷಕ್ಕೂ ಹಳೆಯದಾದ ಆ ಬಣ್ಣವೇ ಕಂಪನಿಯ ಗುರುತು. ಅಂಥ ಶಿಸ್ತಿನ ಕಂಪನಿಯಲ್ಲೂ ಬೇಸಿಗೆಗೆ ಕಂದು ಚಡ್ಡಿ ಇದೆ. ಆದರೂ ಅದರ ಚಾಲಕರು ಬಿಸಿಲಿನಲ್ಲಿ ಕುಸಿದುಬಿದ್ದ ಪ್ರಕರಣಗಳಾದಾಗ ಕಾರ್ಮಿಕ ಸಂಘ ಪಟ್ಟು ಹಿಡಿಯಿತು. 2024ರಿಂದ ಕೊಳ್ಳುವ ಹೊಸ ಗಾಡಿಗಳಿಗೆ ಏಸಿ ಹಾಕಿಸುವುದಾಗಿ 2023ರ ಒಪ್ಪಂದದಲ್ಲಿ ಕಂಪನಿ ಬರೆದುಕೊಡಬೇಕಾಯಿತು. ಅಲ್ಲಿ ಸಮವಸ್ತ್ರ ಕೊಟ್ಟವರನ್ನೇ ಚಾಲಕರು ಗಾಡಿಯ ಸೆಕೆಗೂ ಹೊಣೆ ಮಾಡಿದರು. ಇಲ್ಲಿ ಸಮವಸ್ತ್ರ ಕೇಳುವವರು ಒಬ್ಬರು, ಗಾಡಿ ಇನ್ನೊಬ್ಬರದು, ದಂಡ ಕಟ್ಟುವವನು ಮೂರನೆಯವನು.

ಉಡುಪಿಗೂ ಸುರಕ್ಷತೆಗೂ ನಂಟೇ ಇಲ್ಲವೇ? ಖಂಡಿತ ಇದೆ, ಅದನ್ನು ಮರೆಮಾಚುವುದು ಚಾಲಕರಿಗೇ ದ್ರೋಹ. ಹವಾಯಿ ಚಪ್ಪಲಿ ಬ್ರೇಕಿನಡಿ ಸಿಕ್ಕಿಕೊಂಡರೆ ಕತೆ ಮುಗಿದಂತೆ. ಇಳಿಬಿದ್ದ ಲುಂಗಿಯ ಅಂಚು ಕ್ಲಚ್ಚಿಗೆ ತೊಡರಬಹುದು. ಅನುಭವಿ ಚಾಲಕರು ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟುವುದು ಬರೀ ಸೆಕೆಗಲ್ಲ. ಬ್ರಿಟನ್ನಿನ ರಸ್ತೆ ನಿಯಮದ ಪುಸ್ತಕದಲ್ಲಿ 97ನೇ ನಿಯಮ ಇದನ್ನು ಚೊಕ್ಕವಾಗಿ ಹೇಳುತ್ತದೆ: ನಿನ್ನ ಬಟ್ಟೆ, ಪಾದರಕ್ಷೆ ಗಾಡಿಯನ್ನು ಸರಿಯಾಗಿ ನಿಯಂತ್ರಿಸಲು ಅಡ್ಡಿಯಾಗದಂತಿರಲಿ. ಪ್ಯಾಂಟೋ ಪಂಚೆಯೋ, ಖಾಕಿಯೋ ಬೂದಿಯೋ ಎಂಬ ರಗಳೆಯಿಲ್ಲ. ಈಗ ಹೆಂಗಸರೂ ಲಾರಿ ಓಡಿಸುತ್ತಿದ್ದಾರೆ. ಕಾನೂನು ಪದವಿ ಪಡೆದು ಲಾರಿ ಹತ್ತಿದ ಭೋಪಾಲದ ಯೋಗಿತಾ ರಘುವಂಶಿಯವರ ಹೆಸರು ಹಲವರು ಕೇಳಿರಬಹುದು. ಪ್ಯಾಂಟು ಶರ್ಟು ಎಂದು ಗಂಡಸರನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದ ನಿಯಮ, ಸಲ್ವಾರ್ ತೊಟ್ಟ ಚಾಲಕಿಯ ಮುಂದೆ ಏನು ಹೇಳುತ್ತದೆ?

ಉಡುಪೇ ಜೀವ ಕಾಯುವ ಜಾಗಗಳೂ ಇವೆ. ಪೆಟ್ರೋಲ್ ಟ್ಯಾಂಕರು ಲೋಡ್ ಮಾಡುವಲ್ಲಿ ನೈಲಾನು, ಪಾಲಿಯೆಸ್ಟರಿನ ಬಟ್ಟೆ ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು. ಅದಕ್ಕೇ ಅಲ್ಲಿ ಹತ್ತಿ ಬಟ್ಟೆ, ಬೂಟು. ಬೆಂಕಿಪೊಟ್ಟಣ, ಮೊಬೈಲು ಗೇಟಿನ ಹೊರಗೆ. ಅಪಾಯಕಾರಿ ಸರಕು ಸಾಗಿಸುವ ಚಾಲಕರಿಗೆ ವಿಶೇಷ ತರಬೇತಿ ಕಡ್ಡಾಯ ಎಂದು ಕೇಂದ್ರದ ನಿಯಮವೇ ಇದೆ. ಮಂಗಳೂರಿನಿಂದ ಗ್ಯಾಸು, ಎಣ್ಣೆ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವ ಚಾಲಕನಿಗೆ ಇದರ ಕಾರಣ ಗೊತ್ತು, ಹಾಗಾಗಿ ಗೊಣಗದೆ ಪಾಲಿಸುತ್ತಾನೆ.

ಮತ್ತೊಂದು, ಹೊಳೆಯುವ ಜಾಕೆಟ್ಟು. ನಡುರಾತ್ರಿ ಟಯರು ಪಂಕ್ಚರಾಗಿ, ಹೆದ್ದಾರಿಯ ಅಂಚಿನಲ್ಲಿ ಜಾಕ್ ಕೊಡುತ್ತಾ ಕುಕ್ಕುರುಗಾಲಲ್ಲಿ ಕೂತವನು ಹಿಂದಿನಿಂದ ಬರುವ ಗಾಡಿಗೆ ಕಾಣುವುದೇ ಇಲ್ಲ, ಅವನು ಲುಂಗಿಯಲ್ಲಿರಲಿ ಖಾಕಿಯಲ್ಲಿರಲಿ. ಖಾಕಿಯಂತೂ ದೂಳಿನಲ್ಲಿ ಕಾಣದಿರಲೆಂದೇ ಹುಟ್ಟಿದ ಬಣ್ಣ. ಫ್ರಾನ್ಸಿನಲ್ಲಿ 2008ರಿಂದ ಪ್ರತಿ ಕಾರಿನಲ್ಲೂ ಹಳದಿ ಜಾಕೆಟ್ ಇಟ್ಟಿರಬೇಕು. ಅದರ ಪ್ರಚಾರಕ್ಕೆ ಹೆಸರಾಂತ ವಸ್ತ್ರ ವಿನ್ಯಾಸಕ ಕಾರ್ಲ್ ಲಾಗರ್‌ಫೆಲ್ಡ್ ಅವರನ್ನೇ ನಿಲ್ಲಿಸಿದ್ದರು: ಹಳದಿ, ಕುರೂಪ, ಯಾವುದಕ್ಕೂ ಹೊಂದುವುದಿಲ್ಲ, ಆದರೆ ಜೀವ ಉಳಿಸಬಹುದು ಎಂಬರ್ಥದ ಜಾಹೀರಾತು. 2018ರಲ್ಲಿ ಅದೇ ಜಾಕೆಟ್ಟು ತೊಟ್ಟು ಜನ ಇಂಧನ ತೆರಿಗೆಯ ವಿರುದ್ಧ ಬೀದಿಗಿಳಿದದ್ದು ಬೇರೆ ಮಾತು. ಭಾರತದ ರಸ್ತೆಗಳಲ್ಲಿ 2022ರ ಒಂದೇ ವರ್ಷದಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಹೀಗಿರುವಾಗ ಕೆಲವೇ ನೂರು ರೂಪಾಯಿಯ ಜಾಕೆಟ್ಟನ್ನು ಪ್ರತಿ ಹೊಸ ಲಾರಿಯ ಜೊತೆ, ಜಾಕು ಸ್ಪ್ಯಾನರಿನಂತೆ, ಕಂಪನಿಯವರೇ ಕೊಡಲಿ ಎಂದರೆ ಅದು ಅತಿಯಾಸೆಯಲ್ಲ.

ಒಟ್ಟಿನಲ್ಲಿ ಇಲ್ಲಿ ಅಡಿಮೇಲಾಗಿರುವುದು ಕ್ರಮ. ಮೊದಲು ಕ್ಯಾಬಿನ್ನು, ನಿದ್ದೆ, ಮೀಯಲು ಒಂದು ಜಾಗ, ಆಮೇಲೆ ಅಂಗಿ. ಬಟ್ಟೆ ಒಗೆಯಲು ನೀರೇ ಸಿಗದ ಲಾರಿ ಸ್ಟ್ಯಾಂಡಿನಿಂದ ಹೊರಟವನ ಕಾಲರು ಬೆಳ್ಳಗಿಲ್ಲವೆಂದು ಚೀಟಿ ಹರಿಯುವುದು ಶಿಸ್ತಲ್ಲ, ವಸೂಲಿ. ಕಾರ್ಖಾನೆಯ ಗೇಟಿನಲ್ಲಿ ಬೂಟು, ಹೆಲ್ಮೆಟ್ಟು ಇಲ್ಲದೆ ಒಳಗೆ ಬಿಡೆವು ಎನ್ನುವ ಕಂಪನಿಗಳು ಸರಿಯಾದ ಮಾತನ್ನೇ ಹೇಳುತ್ತಿವೆ. ಆದರೆ ಸರಕು ಅವರದು, ಆವರಣ ಅವರದು. ಗೇಟಿನಲ್ಲೇ ಒಂದು ಕಪಾಟಿಟ್ಟು ಬೂಟು, ಹೆಲ್ಮೆಟ್ಟು ಕೊಟ್ಟು, ಹೋಗುವಾಗ ವಾಪಸು ಪಡೆಯಲು ಅವರಿಗೇನು ಕಷ್ಟ?

ಹೊಸ ಕಾರ್ಮಿಕ ಸಂಹಿತೆಯಡಿ ರಾಜ್ಯದ ನಿಯಮಗಳನ್ನು ಬರೆಯುವ, ತಿದ್ದುವ ಕಾರ್ಮಿಕ ಇಲಾಖೆಯವರಲ್ಲಿ, ಅವುಗಳ ಜೊತೆ ಹೊಂದಿಸಿಕೊಂಡು ಹೋಗಬೇಕಾದ ಸಾರಿಗೆ ಇಲಾಖೆಯವರಲ್ಲಿ ಕೇಳುವುದಿಷ್ಟೆ. ಲಾರಿ ಚಾಲಕನಿಗೆ ವರ್ಷಕ್ಕೆ ಎರಡು ಜೊತೆ ಹತ್ತಿಯ ಬಟ್ಟೆ, ಒಂದು ಜೊತೆ ಬೂಟು, ರೈನ್‌ಕೋಟು, ಹೊಳೆಯುವ ಜಾಕೆಟ್ಟು, ತಿಂಗಳ ಒಗೆತದ ಭತ್ಯೆ ಕೊಡುವುದು ಮಾಲೀಕನ ಹೊಣೆ ಎಂದು ಬರೆಯಿರಿ. ಒಂದೆರಡು ಲಾರಿಯ ಬಡ ಮಾಲೀಕನಿಗೆ ಅದು ಹೊರೆಯಾದರೆ ಲಾರಿಗಳಿಂದ ಪ್ರತಿವರ್ಷ ವಸೂಲು ಮಾಡುವ ತೆರಿಗೆ, ಪರ್ಮಿಟ್ ಶುಲ್ಕದಲ್ಲೇ ಒಂದು ಪಾಲನ್ನು ಅದಕ್ಕೆಂದು ತೆಗೆದಿಡಿ. ಉಡುಪಿನ ಚಲನ್ ಹರಿಯಲೇಬೇಕಿದ್ದರೆ, ಬಟ್ಟೆ ಕೊಟ್ಟಿದ್ದಕ್ಕೆ ಮಾಲೀಕನ ಬಳಿ ರಸೀದಿ ಇದೆಯೇ ಎಂದು ಮೊದಲು ಕೇಳಿ. ಇಲ್ಲದಿದ್ದರೆ ಚೀಟಿಯ ಮೇಲೆ ಅವನ ಹೆಸರನ್ನೇ ಬರೆಯಿರಿ.